ಅಜ್ಜನ ವೇಸ್ಟ್‌ಕೋಟು

ಓಬನ್ ಪಟ್ಟಣದ ಹಳೇ ಬಟ್ಟೆಯಂಗಡಿಯಲ್ಲಿ ಆ ವೇಸ್ಟ್‌ಕೋಟು ಕಣ್ಣಿಗೆ ಬೀಳದಿದ್ದರೆ ಫಿನ್ಲೇಯ ಶನಿವಾರ ನೆಮ್ಮದಿಯಾಗಿಯೇ ಕಳೆಯುತ್ತಿತ್ತು. ಕಡು ಹಸಿರು, ನೀಲಿ ಚೌಕಗಳ ಟಾರ್ಟನ್ ಬಟ್ಟೆ. ನಡುವೆ ಕೆಂಡದ ಬಣ್ಣದ ಒಂದೇ ಒಂದು ಎಳೆ. ತಾನಿರುವ ದ್ವೀಪಕ್ಕೆ ತಂದು ಕಿಟಕಿಯ ಬೆಳಕಿಗೆ ಹಿಡಿದಾಗ ಅವನ ಮೈ ಜುಮ್ಮೆಂದಿತು. ಗೆರೆಗೆ ಗೆರೆ ಕೂಡಿಸಿ ಹೊಲಿದ ಪರಿ ಹೇಗಿತ್ತೆಂದರೆ, ಅಲ್ಲೊಂದು ಜೇಬಿದೆ ಎಂಬುದು ಬೆರಳು ಒಳಗೆ ಹೋದ ಮೇಲೇ ತಿಳಿಯುತ್ತಿತ್ತು. ಇದನ್ನು ಮನುಷ್ಯರೇ ಹೊಲಿದರೇ ಎಂದು ಬೆರಗಾಗಿ, ಚಹಾ ಆರಿಹೋದದ್ದೂ ಗೊತ್ತಾಗದೆ ನೋಡುತ್ತ ಕೂತ.

ಅಂದು ಸಂಜೆ ಊರ ಸಭಾಭವನದಲ್ಲಿ ಸುಗ್ಗಿಯ ಕುಣಿತ. ಹಡಗುಕಟ್ಟೆಯಲ್ಲಿ ಟಿಕೆಟ್ ಹರಿಯುವ ಫಿನ್ಲೇ ಆ ಸಂಜೆ ಲಾಕ್ಲನ್ ಮುದುಕರ ಮುಂದೆ ನಿಂತು ಅವರ ಮಗಳು ಎಫಿಯನ್ನು ಕೇಳಬೇಕಿತ್ತು. ಎಫಿ ಎಂದೋ ಒಪ್ಪಿದ್ದಳು. ಅಪ್ಪ ಹೂಂ ಅನ್ನಬೇಕು, ಅಷ್ಟೇ. ಆ ಅಷ್ಟೇ ಎಂಬುದೇ ಬೆಟ್ಟದಷ್ಟಿತ್ತು. ಲಾಕ್ಲನ್ ಆಯುಷ್ಯವೆಲ್ಲ ಕಿಲ್ಟ್, ಅಂದರೆ ಅಲ್ಲಿನ ಗಂಡಸರು ಉಡುವ ಚೌಕಳಿಯ ನೆರಿಗೆ ಲಂಗ, ಹೊಲಿದವರು. ಕೈ ಕೆಲಸ ಬಿಟ್ಟಿದ್ದರೂ ಕಣ್ಣು ಬಿಟ್ಟಿರಲಿಲ್ಲ. ಹಿಂದೆ ಹೆಣ್ಣು ಕೇಳಲು ಬಂದಿದ್ದ ಮೇಷ್ಟರೊಬ್ಬ ರೂಢಿಯಂತೆ ಬಿಚ್ಚಿಡಬೇಕಾದ ವೇಸ್ಟ್‌ಕೋಟಿನ ಕೊನೆಯ ಗುಂಡಿಯನ್ನೂ ಹಾಕಿಕೊಂಡಿದ್ದನೆಂದು ಬಾಗಿಲಲ್ಲೇ ವಾಪಸು ಕಳಿಸಿದ್ದರು.

ಫಿನ್ಲೇ ಕಿಲ್ಟ್ ಸುತ್ತಿ, ಮೇಲೆ ವೇಸ್ಟ್‌ಕೋಟು ತೊಟ್ಟು ಕನ್ನಡಿ ನೋಡಿಕೊಳ್ಳುವಷ್ಟರಲ್ಲಿ ಪಕ್ಕದ ಮನೆಯ ಆಗ್ನೆಸ್ ಸಕ್ಕರೆ ಕೇಳುವ ನೆಪದಲ್ಲಿ ಒಳಗೆ ಬಂದಳು.

"ಮೇಲೂ ಚೌಕಳಿ, ಕೆಳಗೂ ಚೌಕಳಿ. ಸೋಫಾ ಎದ್ದು ನಡೆದ್ಹಂಗಿದೆ ನೋಡು," ಎಂದಳು. ಆಮೇಲೆ ಬಟ್ಟೆಯನ್ನು ಹಿಡಿದು ನೋಡಿ, "ಇದು ಯಾರ ಮನೆತನದ್ದೋ?" ಎಂದು ಕೇಳಿದಳು.

ಅಲ್ಲಿ ಒಂದೊಂದು ಮನೆತನಕ್ಕೆ ಒಂದೊಂದು ಟಾರ್ಟನ್. ತನ್ನದಲ್ಲದ ಮನೆತನದ ಟಾರ್ಟನ್ ತೊಟ್ಟವನು ಲಾಕ್ಲನ್ನರ ಲೆಕ್ಕದಲ್ಲಿ ಕಳ್ಳನಿಗೆ ಸಮ. ಫಿನ್ಲೇ ಗ್ಲಾಸ್ಗೋದಿಂದ ಬಂದ ಒಂಟಿ ಜೀವ. ಅಜ್ಜನ ಮುಖವಿರಲಿ, ಹೆಸರೂ ಗೊತ್ತಿರಲಿಲ್ಲ. ಆದರೂ ಬಾಯಿ ತಪ್ಪಿ, "ನಮ್ಮಜ್ಜಂದು," ಎಂದುಬಿಟ್ಟ. ಸಕ್ಕರೆ ಮರೆತು ಹೋದ ಆಗ್ನೆಸ್ಸಳಿಂದ ಆ ಅಜ್ಜ ಸಂಜೆಯೊಳಗೆ ಊರನ್ನೆಲ್ಲ ಸುತ್ತಿ ಬಂದ.

ಅವಳ ಸೋಫಾದ ಮಾತು ಕೇಳಿ ಫಿನ್ಲೇ ಕಿಲ್ಟ್ ಬಿಚ್ಚಿ ಕಪ್ಪು ಪ್ಯಾಂಟು ಹಾಕಿಕೊಂಡ. ಹಡಗಿನ ಹಗ್ಗ ಕಟ್ಟುವ ಹೆಕ್ಟರ್ ಬಂದವನೇ, ಪ್ಯಾಂಟು ಹಾಕಿಕೊಂಡು ಹೋದರೆ ಹೋಟೆಲಿನ ಮಾಣಿ ಎಂದುಕೊಂಡು ಜನ ಸೂಪು ಕೇಳುತ್ತಾರೆ, ಗಂಡಸಾದರೆ ಕಿಲ್ಟ್ ಉಡು ಎಂದು ಹಿಡಿದು ಕೂತ. ಮತ್ತೆ ಕಿಲ್ಟ್. ಅದರ ನೆರಿಗೆ ಸರಿಯಿಲ್ಲವೆಂದು ಇಸ್ತ್ರಿಪೆಟ್ಟಿಗೆ ಹಿಡಿದು ಆಗ್ನೆಸ್ ಪುನಃ ಪ್ರತ್ಯಕ್ಷಳಾದಳು. ಅವಳೂ ಹೆಕ್ಟರನೂ ಸಭ್ಯ ಉಡುಪೆಂದರೆ ಯಾವುದು ಎಂದು ಜಗಳಕ್ಕೆ ಬಿದ್ದರು. ಜಗಳ ಮುಗಿಯುವ ಹೊತ್ತಿಗೆ ಪೆಟ್ಟಿಗೆ ಕಿಲ್ಟಿನ ಹಿಂಭಾಗದಲ್ಲಿ ತನ್ನಷ್ಟೇ ಅಗಲದ ಕಿಂಡಿ ಮಾಡಿತ್ತು. ಹೊಗೆ ಕಂಡು ಗಾಬರಿಯಾದ ಹೆಕ್ಟರ್ ಬಕೆಟ್ ನೀರು ಎರಚಿದ. ಅದು ಕುರ್ಚಿಯ ಮೇಲಿದ್ದ ಪ್ಯಾಂಟಿಗೆ ಬಿತ್ತು. ಕೊನೆಗೆ ಹೆಕ್ಟರನದೇ ಪ್ಯಾಂಟು ಗತಿಯಾಯಿತು. ಅವನು ಫಿನ್ಲೇಗಿಂತ ಗೇಣುದ್ದ ಗಿಡ್ಡ.

ಅರ್ಧ ಕಾಲು ಕಾಣುವ ಪ್ಯಾಂಟು, ಮೇಲೆ ಆ ದೇವರಂಥ ವೇಸ್ಟ್‌ಕೋಟು. ಫಿನ್ಲೇ ಸಭಾಭವನದ ಬಾಗಿಲು ದಾಟಿದಾಗ ನಗಲು ಬಾಯಿ ತೆರೆದವರು ಹಾಗೇ ನಿಂತುಬಿಟ್ಟರು. ದೀಪದ ಬೆಳಕಿಗೆ ಆ ಕೆಂಪು ಎಳೆ ಹೊತ್ತಿಕೊಂಡಂತೆ ಹೊಳೆಯುತ್ತಿತ್ತು. ಎತ್ತರದ ಕುರ್ಚಿಯಲ್ಲಿದ್ದ ಲಾಕ್ಲನ್ ಎದ್ದರು. ಅವರು ಎದ್ದದ್ದು ಕಂಡು ವಾದ್ಯದವನು ಊದುವುದನ್ನು ನಿಲ್ಲಿಸಿದ. ಮುದುಕರು ಮೆಲ್ಲಗೆ ನಡೆದು ಬಂದು, ಮುಟ್ಟಿದರೆ ಮಾಯವಾದೀತೆಂಬಂತೆ ಒಂದು ಬೆರಳಿನಿಂದ ಬಟ್ಟೆಯನ್ನು ಸವರಿದರು.

"ನಿಮ್ಮಜ್ಜಂದಂತೆ, ನಿಜವೇನಯ್ಯಾ?"

ಊರಿಗೆ ಊರೇ ನೋಡುತ್ತಿತ್ತು. ಫಿನ್ಲೇ ಹೌದೆಂದು ತಲೆಯಾಡಿಸಿದ.

"ನಮ್ಮಪ್ಪ ನೇಯ್ದದ್ದು ಕಣೋ ಇದು," ಎಂದರು ಲಾಕ್ಲನ್. "ಒಂದೇ ಸಲ ನೇಯ್ದ, ಎರಡೇ ಕೋಟು ಹೊಲಿದ. ಒಂದು ನಂಗೆ. ಅದು ಮನೇಲಿ ಪೆಟ್ಟಿಗೇಲಿ ಭದ್ರವಾಗಿದೆ. ಇನ್ನೊಂದು ನನಗಿಂತ ಇಪ್ಪತ್ತು ವರ್ಷ ದೊಡ್ಡವನಾದ ನಮ್ಮಣ್ಣ ಅಲನ್‌ಗೆ. ಅದನ್ನ ತೊಟ್ಕೊಂಡೇ ಹಡಗು ಹತ್ತಿ ಹೋದ. ಮತ್ತೆ ಬರಲಿಲ್ಲ."

ಅಷ್ಟು ಹೇಳಿ ಅವರು ಫಿನ್ಲೇಯನ್ನು ಬಾಚಿ ತಬ್ಬಿಕೊಂಡರು. ಯಾರೋ ಮೂಗೊರೆಸಿಕೊಂಡ ಸದ್ದಾಯಿತು. ಒಬ್ಬೊಬ್ಬರಾಗಿ ಎಲ್ಲರೂ ಎದ್ದು ನಿಂತರು. ಹುಟ್ಟಿದಾಗಿನಿಂದ ಯಾರೂ ಫಿನ್ಲೇಯನ್ನು ತಮ್ಮವನೆಂದು ತಬ್ಬಿರಲಿಲ್ಲ. ಒಂದು ತುಂಡು ಬಟ್ಟೆಗೆ ಇಷ್ಟು ಶಕ್ತಿಯೇ ಎಂದು ಅವನ ಕಣ್ಣೂ ತುಂಬಿತು. ಒಂದು ಗಳಿಗೆ ಅದೆಲ್ಲ ನಿಜವೇ ಇರಬಾರದೇಕೆ ಎಂದೂ ಅನಿಸಿತು. ಇದಕ್ಕಿಂತ ಒಳ್ಳೆಯ ಮುಹೂರ್ತ ಸಿಗದೆಂದು ಧೈರ್ಯ ಮಾಡಿದ.

"ಹಾಗಾದ್ರೆ ಎಫೀನ ನಂಗೆ ಕೊಡ್ತೀರಾ?"

ಲಾಕ್ಲನ್ ಅಪ್ಪುಗೆ ಸಡಿಲಿಸಿ ಹಿಂದೆ ಸರಿದರು. "ಏನ್ ಮಾತು ಅಂತ ಆಡ್ತೀಯೋ? ನೀನು ನಮ್ಮಣ್ಣನ ಮೊಮ್ಮಗ. ಎಫಿ ನಿಂಗೆ ಅತ್ತೆ ಆಗ್ಬೇಕು."

ಅತ್ತ ಎಫಿ ಅಳುವುದೋ ನಗುವುದೋ ತಿಳಿಯದೆ ನಿಂತಿದ್ದಳು. ಮಾನ ಹೋದರೆ ಹೋಗಲಿ, ಅಂಗಡಿಯ ವಿಷಯ ಹೇಳಿಯೇಬಿಡುತ್ತೇನೆಂದು ಫಿನ್ಲೇ ಬಾಯಿ ತೆರೆದ. ಅಷ್ಟರಲ್ಲಿ ಎಫಿಯ ಅಮ್ಮ ಪೆಗ್ಗಿ ಅವನ ಮೊಣಕೈ ಹಿಡಿದು, ಮುತ್ತಿಡುವವಳಂತೆ ಕಿವಿಗೆ ಬಾಯಿಟ್ಟಳು.

"ಓಬನ್ನು, ಅಂಗಡಿ ಅಂತ ಉಸಿರು ಬಿಟ್ಟೀಯ, ಜೋಕೆ. ಅದು ಇವರದ್ದೇ ಕೋಟು. ಹೊಟ್ಟೆಗೆ ಹಿಡಿಯಲ್ಲ ಅಂತ ಪೆಟ್ಟಿಗೆ ಖಾಲಿ ಮಾಡೋವಾಗ ಆ ಅಂಗಡಿಗೆ ಕೊಟ್ಬಿಟ್ಟಿದ್ದೆ. ಗೊತ್ತಾದ್ರೆ ಈ ವಯಸ್ಸಲ್ಲಿ ನನ್ನ ಮನೆ ಬಿಡಿಸ್ತಾರೆ."

ಅದೇ ಹೊತ್ತಿಗೆ ಲಾಕ್ಲನ್, ಯಾರಾದರೂ ಮನೆಗೆ ಓಡಿಹೋಗಿ ತಮ್ಮ ಕೋಟನ್ನೂ ತನ್ನಿ, ಎರಡನ್ನೂ ಜೊತೆಗಿಟ್ಟು ನೋಡೋಣ ಎಂದರು. ಪೆಟ್ಟಿಗೆಯ ಕೀಲಿ ಕಳೆದು ತಿಂಗಳಾಯಿತೆಂದು ಪೆಗ್ಗಿ ಥಟ್ಟನೆ ಹೇಳಿದಳು. ಅವಳ ಉಗುರು ಫಿನ್ಲೇಯ ಮೊಣಕೈಯಲ್ಲಿ ನೆಟ್ಟೇ ಇತ್ತು. ಫಿನ್ಲೇ ಎಫಿಯನ್ನು ನೋಡಿದ, ಅವಳ ಅಮ್ಮನ ಕಣ್ಣು ನೋಡಿದ. ತೆರೆದ ಬಾಯಿ ಮುಚ್ಚಿಕೊಂಡ.

"ಹೋಗ್ಲಿ ಬಿಡು, ಗೊತ್ತಿಲ್ದೆ ಕೇಳ್ದೆ," ಲಾಕ್ಲನ್ ಅವನ ಬೆನ್ನು ತಟ್ಟಿದರು. "ಇನ್ಮೇಲೆ ನೀನೂ ಮನೆಯವನು. ಆ ಮೂಲೇಲಿ ಕೂತಿದಾನಲ್ಲ, ಇನ್ವರ್ನೆಸ್ಸಿನ ಹಲ್ಲಿನ ಡಾಕ್ಟ್ರು, ನಿಮ್ಮತ್ತೇನ ಕೇಳೋಕೆ ಬಂದಿದಾನೆ. ಹೋಗಿ ಮಾತಾಡ್ಸಿ ನೋಡು. ನೀನು ಹೂಂ ಅಂದ್ರೆ ನಂದೂ ಹೂಂ."

ವಾದ್ಯ ಮತ್ತೆ ಶುರುವಾಯಿತು. ಫಿನ್ಲೇ ಗಿಡ್ಡ ಪ್ಯಾಂಟಿನಲ್ಲಿ ಮೂಲೆಯತ್ತ ನಡೆದ. ಅವನು ಬರುವುದನ್ನು ಕಂಡ ಹಲ್ಲಿನ ಡಾಕ್ಟರು ಗಡಬಡಿಸಿ ಎದ್ದು ನಿಂತು, ಹೆಣ್ಣಿನ ಕಡೆಯ ಹಿರಿಯರೆಂದು ಬಗ್ಗಿ ಅವನ ಕೈ ಕುಲುಕಿದ.