ಬೆಣ್ಣೆಹಣ್ಣಿನ ಮಾರ್ಗರಿಟಾ ಮತ್ತು ಮಾಮ್ಲೇದಾರ ಸಾಹೇಬರು

ಬೇಕಾದ್ದನ್ನು ನೇರವಾಗಿ ಕೇಳಿಬಿಡುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನನಗೆ ಆ ವಿದ್ಯೆ ಒಲಿದಿಲ್ಲ. ಪಕ್ಕದ ಮನೆಯ ಏಣಿ ಬೇಕಾದರೂ ಮೊದಲು ಅವರ ಮಗನ ಪರೀಕ್ಷೆ, ಆಮೇಲೆ ತೆಂಗಿನಕಾಯಿಯ ಧಾರಣೆ, ಆಮೇಲೆ ಅವರ ಅತ್ತೆಯ ಮೊಣಕಾಲು ನೋವು ಎಲ್ಲ ವಿಚಾರಿಸಿ, ಅವರು ಕೊಟ್ಟ ಚಹಾ ಕುಡಿದು, ಏಣಿಯ ಸುದ್ದಿಯನ್ನೇ ಎತ್ತದೆ ಮನೆಗೆ ಬರುವ ಪೈಕಿ ನಾನು. ಇದನ್ನು ನಾನು ಸಂಕೋಚವೆಂದು ಕರೆದುಕೊಳ್ಳುತ್ತೇನೆ. ನನ್ನ ಹೆಂಡತಿ ಶಾರದೆ ಇದಕ್ಕೆ ಬೇರೆ ಹೆಸರಿಟ್ಟಿದ್ದಾಳೆ. ಅದು ಅಚ್ಚಿಗೆ ಯೋಗ್ಯವಾದದ್ದಲ್ಲ.

ನಾನು ಹೊನ್ನಾವರದ ತಾಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದ ಕಾಲ. ನನಗೆ ಸೂಪಾಕ್ಕೆ ವರ್ಗವಾಗುತ್ತದೆಂಬ ಸುದ್ದಿ ಬಂತು. ಸೂಪಾ ಎಂದರೆ ಸುತ್ತ ಕಾಡು, ಒಳಗೆ ಚಳಿಜ್ವರ. ಜ್ವರವನ್ನಾದರೂ ಸಹಿಸಬಹುದಿತ್ತು. ಆದರೆ ಶಾರದೆಗೆ ನಾಲ್ಕು ವರ್ಷ ಅರ್ಜಿ ಹಾಕಿ ಹಾಕಿ, ಆರು ತಿಂಗಳ ಹಿಂದಷ್ಟೇ ಊರ ಶಾಲೆಯಲ್ಲಿ ಅಕ್ಕೋರ ಕೆಲಸ ಸಿಕ್ಕಿತ್ತು. ಮಕ್ಕಳು ಬೀದಿಯಲ್ಲಿ “ಅಕ್ಕೋರೇ” ಎಂದು ಕೈಮುಗಿದರೆ ಅವಳು ಒಂದು ಅಂಗುಲ ಎತ್ತರವಾಗುತ್ತಿದ್ದಳು. “ಕೆಲಸ ನಾ ಬಿಡೂದಿಲ್ಲ. ಸಾಹೇಬ್ರು ಕಾರವಾರದ ಜಿಲ್ಲಾ ಕಚೇರಿಗೆ ಒಂದು ಕಾಗದ ಬರೆದ್ರೆ ನಿಲ್ತದೆ. ನಾಳೆ ಕೇಳಿ” ಎಂದಳು. ತಾಲೂಕಿಗೇ ದೊಡ್ಡವರಾದ ನಮ್ಮ ಮಾಮ್ಲೇದಾರ ಸಾಹೇಬರು ನನ್ನ ಮೇಜಿನಿಂದ ಹತ್ತು ಹೆಜ್ಜೆ ದೂರದಲ್ಲಿ ಕೂರುತ್ತಿದ್ದರು. ಆ ಹತ್ತು ಹೆಜ್ಜೆ ಇಡಲು ನನ್ನಿಂದ ಹದಿನೈದು ದಿನವಾದರೂ ಆಗಲಿಲ್ಲ.

ಆಗ ಬಂದವನು ಶಾರದೆಯ ತಮ್ಮ ನಾಗೇಶ. ಅವನು ಹಡಗಿನಲ್ಲಿ ಅಡುಗೆಯವರ ಕೈಕೆಳಗೆ ಇದ್ದವನು. ಅವನ ಬಾಯಿಂದ ಕೇಳಿದರೆ ಕಪ್ತಾನನೇ ಅವನ ಕೈಕೆಳಗೆ ಇದ್ದಂತೆ ಕಾಣುತ್ತಿತ್ತು. ಬರುವಾಗ ಕೊಡಗಿನ ಜೊತೆಗಾರನ ಮನೆಯಿಂದ ನಾಲ್ಕು ಬೆಣ್ಣೆಹಣ್ಣು ತಂದಿದ್ದ. ನಾವು ಯಾರೂ ಅದನ್ನು ನೋಡಿರಲಿಲ್ಲ. ಶಾರದೆ ಹಸಿ ಮಾವಿನಕಾಯಿಯೆಂದು ತಿಳಿದು ಉಪ್ಪಿನಕಾಯಿ ಹಾಕಲು ಹೊರಟಿದ್ದಳು. ನಾಗೇಶ ತಡೆದ. “ಭಾವ, ದೊಡ್ಡ ಮನುಷ್ಯರನ್ನ ಮನೆಗೆ ಕರೆದು ಚಹಾ ಅವಲಕ್ಕಿ ಕೊಟ್ರೆ ಎಂತ ಕೆಲಸ ಆಗ್ತದೆ? ಮಾರ್ಗರಿಟಾ ಮಾಡ್ವ” ಎಂದ. ಅದು ಪರದೇಶದ ಬಂದರಿನಲ್ಲಿ ಅವನು ಕಲಿತ ಪಾನೀಯ. ಲಿಂಬೆರಸ, ಸಕ್ಕರೆ, ಬೆಣ್ಣೆಹಣ್ಣು, ಮಂಜುಗಡ್ಡೆ, ಲೋಟದ ಅಂಚಿಗೆ ಉಪ್ಪು, ಮತ್ತು ಮುಖ್ಯವಾಗಿ ಕತ್ತಾಳೆಯ ಸಾರಾಯಿ. ಕತ್ತಾಳೆ ಎಂದರೆ ನಾವು ಬೇಲಿಗೆ ನೆಟ್ಟು ಹಗ್ಗ ಹೊಸೆಯುವ ಗಿಡ. ಅದನ್ನೂ ಕುಡಿಯುವವರಿದ್ದಾರೆಂದು ಕೇಳಿ ನನಗೆ ಆ ದೇಶದವರ ಮೇಲೆ ಗೌರವ ಹುಟ್ಟಿತು.

ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ್ದರೂ ಮುಂಬಯಿ ಕಾಲದ ಪಾನನಿರೋಧ ಹಾಗೇ ಇತ್ತು. ಆದ್ದರಿಂದ ಸಾರಾಯಿಯ ಜಾಗಕ್ಕೆ ಶುಂಠಿರಸ ಬಂತು. ಗಂಟಲು ಸುಟ್ಟರೆ ಸಾಕು, ಯಾವುದರಿಂದ ಸುಟ್ಟಿತೆಂದು ಯಾರು ನೋಡುತ್ತಾರೆ ಎಂದು ನಾಗೇಶ ಸಮಾಧಾನ ಹೇಳಿದ. ಹಣ್ಣು ಅರೆದದ್ದು ಹಿಂದಿನ ದಿನ ಬೆಳ್ಳುಳ್ಳಿ ಅರೆದ ಕಲ್ಲಿನಲ್ಲಿ. ಮಂಜುಗಡ್ಡೆ ಸೋಡಾ ಅಂಗಡಿಯಿಂದ ಭತ್ತದ ಉಮಿಯಲ್ಲಿ ಹೂತು ಬಂತು, ಮನೆ ಮುಟ್ಟುವಾಗ ಉಮಿಯೇ ಹೆಚ್ಚು ಉಳಿದಿತ್ತು. ಉಪ್ಪು ಸಾಣಿಕಟ್ಟೆಯದು, ಒಂದೊಂದು ಹರಳು ಕಡಲೆಕಾಳಿನಷ್ಟು. ಅದು ಅಂಚಿಗೆ ಅಂಟುವುದಿಲ್ಲವೆಂದು ಶಾರದೆ ಪಾಕದಂಥ ಜೋನಿಬೆಲ್ಲ ಹಚ್ಚಿ ಅಂಟಿಸಿದಳು. ಕಾಯಿಹಾಲು ಸೇರಿಸಿ ಕಡೆದ ಮೇಲೆ ಹಸಿರು ಬೆಣ್ಣೆಯ ಹಾಗೆ ಗಟ್ಟಿಯಾಯಿತು. ಚಮಚ ನೆಟ್ಟರೆ ನಿಲ್ಲುತ್ತಿತ್ತು. “ಇದು ಕುಡಿಯೂದಾ, ಗೋಡೆಗೆ ಬಳಿಯೂದಾ?” ಎಂದು ಶಾರದೆ ಕೇಳಿದಳು. ನಾಗೇಶ ಕಲಾವಿದರ ಗಾಂಭೀರ್ಯದಿಂದ ಅದನ್ನು ಚಮಚದಲ್ಲಿ ಲೋಟಕ್ಕೆ ತುಂಬಿದ.

ಕರೆಯಲು ನನ್ನ ಬದಲು ನಾಗೇಶನೇ ಹೋಗಿದ್ದ. ಸಾಹೇಬರು ಇಸ್ತ್ರಿ ಮಾಡಿದ ಬಿಳಿ ಕೋಟು ಹಾಕಿಕೊಂಡು ಬಂದರು, ಲೋಟ ನೋಡಿ ಮೆಚ್ಚಿದರು. ಇಲ್ಲಿ ಒಂದು ವಿಷಯ ನಾವು ಮೂವರೂ ಮರೆತಿದ್ದೆವು. ಪರದೇಶದವರು ಲೋಟದ ಅಂಚಿಗೆ ತುಟಿ ಹಚ್ಚಿ ಉಪ್ಪು ನೆಕ್ಕುತ್ತ ಕುಡಿಯುತ್ತಾರೆ. ನಮ್ಮ ಕಡೆ ಲೋಟಕ್ಕೆ ತುಟಿ ತಾಗಿದರೆ ಎಂಜಲು. ಎತ್ತಿ, ಮೇಲಿಂದ ಬಾಯಿಗೆ ಬಿಟ್ಟುಕೊಳ್ಳುವುದೇ ಮರ್ಯಾದಸ್ತರ ಕ್ರಮ, ಮತ್ತು ನಮ್ಮ ಸಾಹೇಬರಿಗಿಂತ ಮರ್ಯಾದಸ್ತರು ಮೂರು ತಾಲೂಕಿನಲ್ಲಿ ಇರಲಿಲ್ಲ. ಅವರು ತಲೆ ಹಿಂದಕ್ಕೆ ಬಾಗಿಸಿ, ಬಾಯಿ ತೆರೆದು, ಲೋಟ ಎತ್ತಿ ಹಿಡಿದರು. ಏನೂ ಬೀಳಲಿಲ್ಲ. ಇನ್ನಷ್ಟು ಬಗ್ಗಿಸಿದರು. ಒಂದು ಉಪ್ಪಿನ ಹರಳು ಮಾತ್ರ ಕನ್ನಡಕಕ್ಕೆ ಬಡಿದು ಟಕ್ಕೆಂದಿತು. “ಇದು ಎಂತದ್ರಾ, ಇಳಿಯೂದೇ ಇಲ್ಲ” ಎಂದು ಲೋಟವನ್ನು ಪೂರ್ತಿ ಬೋರಲು ಹಾಕಿ, ತಳಕ್ಕೆ ಬೆರಳಿಂದ ಒಂದು ಏಟು ಕೊಟ್ಟರು.

ಇಡೀ ಲೋಟದ ಮಾಲು ಒಂದೇ ಮುದ್ದೆಯಾಗಿ ಬಿತ್ತು. ಕನ್ನಡಕ, ಮೂಗು, ಮೀಸೆ, ಕೋಟು, ಎಲ್ಲಕ್ಕೂ ಪಾಲು ಸಿಕ್ಕಿತು. ಬಾಯಿಗೆ ಮಾತ್ರ ಹೋಗಲಿಲ್ಲ. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಶಾರದೆ ಮೈ ಒರೆಸುವ ಪಂಚೆ, ನೀರು ತಂದಳು. ಮುಖ ಒರೆಸಿಕೊಂಡ ಸಾಹೇಬರು ಶಾಂತವಾಗಿ, “ಎಂತಾದ್ರೂ ಕೆಲಸ ಇತ್ತಾ ನಿಮ್ದು?” ಎಂದು ಕೇಳಿದರು. ಹದಿನೈದು ದಿನದಿಂದ ನಾನು ಕಾಯುತ್ತಿದ್ದ ಪ್ರಶ್ನೆ ಅದು. “ಎಂತದೂ ಇಲ್ಲ ಸಾಹೇಬ್ರೆ, ಸುಮ್ನೆ ಕರೆದದ್ದು” ಎಂದೆ.

ಶಾರದೆ ಒಳಗೆ ಹೋಗಿ ಸಾದಾ ಚಹಾ ತಂದಿಟ್ಟು, “ಇವ್ರಿಗೆ ಸೂಪಾಕ್ಕೆ ವರ್ಗ ಆಗ್ತದೆ ಹೇಳ್ತ್ರು. ನನ್ನ ಕೆಲಸ ಹೋಗ್ತದೆ. ನೀವೊಂದು ಕಾಗದ ಬರೆದು ನಿಲ್ಲಿಸ್ಬೇಕು” ಎಂದಳು. ಸಾಹೇಬರು ಚಹಾ ಎತ್ತಿ ಕುಡಿದರು. ಅದು ಸರಿಯಾಗಿ ಇಳಿಯಿತು. “ಇಷ್ಟೇನಾ? ಆತು. ನಿಮ್ಮ ಕೆಲಸ ಹೋಗೂದಿಲ್ಲ, ಅಕ್ಕೋರೇ” ಎಂದರು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಹೆಂಡತಿ ಬಾಯಿಬಿಟ್ಟು ಕೇಳಿದ್ದರಿಂದ ವರ್ಗ ನಿಂತಿತೆಂದು ಕಚೇರಿಯಲ್ಲಿ ಹೇಳಿಕೊಳ್ಳುವುದು ಯಾವ ಗಂಡಸಿಗೆ ಸಾಧ್ಯ? ಮರುದಿನ ನಾನು ಮೇಜಿನ ಮೇಲೆ ಕೈಯೂರಿ, “ಸಾಹೇಬ್ರಿಗೆ ಮನೆಲೇ ಒಂದು ಲೋಟ ಪರದೇಶದ್ದು ಕುಡಿಸ್ದೆ. ಕೆಲಸ ಆತು” ಎಂದೆ. ಶುಂಠಿರಸದ ವಿಷಯ ಹೇಳಲು ಸಮಯವಾಗಲಿಲ್ಲ. ಸಂಜೆಯೊಳಗೆ ಆ ಲೋಟ ಶರಾವತಿ ದಾಟಿ ಭಟ್ಕಳ ಮುಟ್ಟಿತ್ತು, ಮರುದಿನ ಕುಮಟೆಯಲ್ಲಿ ಬಾಟಲಿಯಾಗಿತ್ತು, ಕಾರವಾರ ಮುಟ್ಟುವಾಗ ಪೆಟ್ಟಿಗೆ. ಸಾಹೇಬರು ನನ್ನನ್ನು ಕರೆಸಿದರು. “ಪಾನನಿರೋಧದ ಊರಲ್ಲಿ ನಾನು ನಿಮ್ಮನೇಲಿ ಕುಡಿದೆ ಅಂತ ಮೇಲಿನವರೂ ಕೇಳಿದ್ರು” ಎಂದು ತಲೆ ಎತ್ತದೆ ನನ್ನ ವರ್ಗದ ಕಾಗದಕ್ಕೆ ಸಹಿ ಹಾಕಿದರು. “ಅಕ್ಕೋರಿಗೆ ಕೊಟ್ಟ ಮಾತು ನಾ ತಪ್ಪೂದಿಲ್ಲ. ಅವ್ರು ಇಲ್ಲೇ ಇರ್ಲಿ. ನೀವು ಹೋಗಿ.”

ಈಗ ನಾನು ಸೂಪಾದಲ್ಲಿದ್ದೇನೆ. ಅನ್ನ ನಾನೇ ಬೇಯಿಸಿಕೊಳ್ಳುತ್ತೇನೆ, ಜ್ವರ ತಾನಾಗಿ ಬರುತ್ತದೆ. ಶಾರದೆಯಿಲ್ಲದ ಮನೆ ನನಗೆ ಸಾಕುಸಾಕಾಗಿದೆ ಎಂಬುದು ಸತ್ಯ. ಮೊನ್ನೆ ಅವಳ ಕಾಗದ ಬಂತು: “ನಾನು ಆರಾಮ ಇದ್ದೇನೆ. ಸಾಹೇಬರ ಸಿಟ್ಟು ಇಳಿಯುತ್ತಿದೆ. ಅವರ ಮನೆಯವರ ಹತ್ತಿರ ಮಾತಾಡಿದ್ದೇನೆ, ಮುಂದಿನ ವರ್ಷ ನಿಮ್ಮನ್ನು ವಾಪಸು ಕರೆಸಬಹುದು. ಈ ವಿಷಯ ಮಾತ್ರ ಯಾರ ಎದುರೂ ಬಾಯಿ ಬಿಡಬೇಡಿ.”

ಎಷ್ಟು ಚೆನ್ನಾಗಿ ಬರೆದಿದ್ದಾಳೆಂದು ಮಧ್ಯಾಹ್ನ ಕಚೇರಿಯಲ್ಲಿ ಎಲ್ಲರಿಗೂ ಓದಿ ಹೇಳಿದೆ.