ಬಿನ್ ಒಮ್ರಾನಿನಲ್ಲಿ ಉರುಳು ಸೇವೆ

ದೋಹಾದಲ್ಲಿ ಸಿಗದ ವಸ್ತು ಇಲ್ಲ ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ಕುಚ್ಚಲಕ್ಕಿ ಸಿಗುತ್ತದೆ, ಬಸಳೆ ಸಿಗುತ್ತದೆ, ಹಲಸಿನ ಹಪ್ಪಳ ಸಿಗುತ್ತದೆ. ಮೊದಲೇ ಹೇಳಿಟ್ಟರೆ ಕಡುಬಿಗೆ ಮೂಡೆ ಕಟ್ಟುವ ಎಲೆಯೂ ಸಿಗುತ್ತದೆ. ಹಾಗಾಗಿ ನನ್ನ ಅತ್ತೆಯವರು ಊರಿನಿಂದ ಫೋನು ಮಾಡಿ, "ಬರ್ಲಿಕ್ಕೆ ಅಡ್ಡಿಯಿಲ್ಲ ಅಳಿಯಂದಿರೇ. ಆದ್ರೆ ಒಂದು ಹರಕೆ ಬಾಕಿ ಉಂಟು. ಕೃಷ್ಣ ದೇವರದ್ದು. ಅದನ್ನು ತೀರಿಸದೆ ಹೇಗೆ ಬರುದು?" ಎಂದಾಗ ನಾನು ಒಂದು ಕ್ಷಣವೂ ಯೋಚಿಸಲಿಲ್ಲ.

"ಅದಕ್ಕೆಂತ ಅತ್ತೆ! ಇಲ್ಲಿಯೇ ತೀರಿಸುವ. ವ್ಯವಸ್ಥೆ ಪೂರ್ತಿ ನನ್ನದು!"

ಹರಕೆ ಯಾವುದು ಎಂದು ಕೇಳಬೇಕಿತ್ತು. ಕೇಳಲಿಲ್ಲ!

ನಮ್ಮ ಅತ್ತೆ ಸಾಮಾನ್ಯ ಭಕ್ತೆಯಲ್ಲ. ಉಡುಪಿಯಂತೂ ಅವರಿಗೆ ಪಕ್ಕದ ಮನೆ. ಗುರುವಾಯೂರಿಗೆ ಹೋಗಿದ್ದಾರೆ, ಮಥುರೆ ನೋಡಿದ್ದಾರೆ, ದ್ವಾರಕೆಯಲ್ಲಿ ಚಪ್ಪಲಿ ಕಳೆದುಕೊಂಡಿದ್ದಾರೆ. ಒಂದೊಂದು ಕ್ಷೇತ್ರದಲ್ಲೂ ಕೃಷ್ಣನ ಅಲಂಕಾರ ಹೇಗಿತ್ತು, ಸಾಲಿನಲ್ಲಿ ಯಾರು ನುಗ್ಗಿದರು, ಪ್ರಸಾದದ ಪಾಯಸಕ್ಕೆ ಬೆಲ್ಲ ಕಡಿಮೆಯಾಗಿತ್ತೋ ಇಲ್ಲವೋ ಎಲ್ಲವೂ ಅವರ ಬಾಯಲ್ಲಿದೆ. ಇಂಥವರಿಗೆ ನಾನು ದೋಹಾದಲ್ಲಿ ಕೃಷ್ಣನನ್ನು ತೋರಿಸಲು ಹೊರಟಿದ್ದೆ. ನಮ್ಮ ಮನೆಯ ಕೃಷ್ಣನೋ, ಫ್ರಿಜ್ಜಿನ ಮೇಲೆ ಕುಳಿತಿದ್ದಾನೆ.

ಅತ್ತೆ ಬಂದ ಮರುದಿನ ಊಟಕ್ಕೆ ಕುಳಿತಾಗ ಹರಕೆಯ ವಿಷಯ ಬಂತು.

"ನಿಮ್ಮ ಪ್ರಮೋಶನ್ ನಿಂತುಹೋಗಿತ್ತಲ್ಲ, ಆಗ ಹೇಳಿಕೊಂಡದ್ದು. ಪ್ರಮೋಶನ್ ಆದ್ರೆ ಉರುಳು ಸೇವೆ ಮಾಡಿಸ್ತೇನೆ ಅಂತ."

ನನ್ನ ಕಣ್ಣಲ್ಲಿ ನೀರೇ ಬಂತು. ಅಳಿಯನಿಗಾಗಿ ಈ ವಯಸ್ಸಿನಲ್ಲಿ ಒದ್ದೆ ಸೀರೆಯಲ್ಲಿ ನೆಲದ ಮೇಲೆ ಉರುಳಲು ಸಿದ್ಧರಾದ ಅತ್ತೆ ಯಾರಿಗುಂಟು ಯಾರಿಗಿಲ್ಲ!

"ಬೇಡ ಅತ್ತೆ. ನಿಮ್ಮ ಮೊಣಗಂಟು ನೋವಲ್ಲಿ ನೀವು ಉರುಳುವುದು ನನಗೆ ನೋಡ್ಲಿಕ್ಕಾಗುದಿಲ್ಲ."

"ನಾನ್ಯಾಕೆ ಉರುಳುದು?" ಅತ್ತೆ ತಿಳಿಸಾರು ಬಡಿಸಿಕೊಂಡರು. "ಪ್ರಮೋಶನ್ ಆದದ್ದು ಯಾರಿಗೆ?"

ನನ್ನ ಹೆಂಡತಿ ಸುಜಾತಾಳಿಗೆ ನಗು ಉಕ್ಕಿ ಅನ್ನ ನೆತ್ತಿಗೇರಿತು. ಅವಳು ಕೆಮ್ಮಿ ಮುಗಿಸುವವರೆಗೆ ನಾನು ಉಪಾಯ ಹುಡುಕಿದೆ.

"ತೀರಿಸದಿದ್ದರೆ?"

"ಕೊಡ್ಲಿಕ್ಕೆ ಗೊತ್ತಿದ್ದ ದೇವರಿಗೆ ತಗೊಳ್ಲಿಕ್ಕೂ ಗೊತ್ತುಂಟು" ಎಂದರು ಅತ್ತೆ ಶಾಂತವಾಗಿ.

ನಾನು ಅಸಿಸ್ಟೆಂಟ್ ಮ್ಯಾನೇಜರ್ ಆಗಿ ಇನ್ನೂ ತಿಂಗಳು ತುಂಬಿರಲಿಲ್ಲ. ಹೊಸ ವಿಸಿಟಿಂಗ್ ಕಾರ್ಡಿನ ಪೆಟ್ಟಿಗೆ ಆಗಷ್ಟೇ ಬಂದಿತ್ತು. ಅದನ್ನು ನೆನೆದು ಒಪ್ಪಿಕೊಂಡು ಅನ್ನ ಕಲಸಿದೆ.

ಇಲ್ಲಿಂದ ಶುರುವಾಯಿತು ನಮ್ಮ ತೀರ್ಥಯಾತ್ರೆ. ಉರುಳು ಸೇವೆ ಎಂದರೆ ದೇವರ ಸುತ್ತ ಉರುಳಬೇಕು. ದೇವರ ಸುತ್ತ ಎಂದರೆ ಸುತ್ತಲೂ ಜಾಗ ಬೇಕು. ಇಲ್ಲಿ ದೇವಸ್ಥಾನವಿಲ್ಲ. ದೋಹಾದ ಫ್ಲ್ಯಾಟುಗಳಲ್ಲಿ ದೇವರೆಲ್ಲ ಗೋಡೆಗೆ ಬೆನ್ನು ಕೊಟ್ಟು ಕುಳಿತಿರುತ್ತಾರೆ! ಅಲ್ ಅಜೀಜಿಯಾದಲ್ಲಿ ಗೆಳೆಯನೊಬ್ಬನ ವಿಲ್ಲಾದಲ್ಲಿ ತೇಗದ ಮಂಟಪದ ಚಂದದ ಕೃಷ್ಣನಿದ್ದ. ಮೂಲೆಯಲ್ಲಿದ್ದ. ಅತ್ತೆ ಅಡ್ಡಬಿದ್ದು ಎದ್ದು, "ಅರ್ಧ ಉರುಳಿ ರಿವರ್ಸ್ ತೆಗೀಲಿಕ್ಕೆ ಇದೇನು ಕಾರು ಪಾರ್ಕಿಂಗಾ?" ಎಂದರು. ಅಲ್ ಶಮಾಲಿನ ಕಡೆ ತೋಟವೊಂದರಲ್ಲಿ ಕೆಲಸ ಮಾಡುವ ನಮ್ಮವರ ಕೋಣೆಯಲ್ಲಿ ಒಬ್ಬ ಕೃಷ್ಣನಿದ್ದಾನೆ, ಸುತ್ತ ಬೇಕಾದಷ್ಟು ಬಯಲಿದೆ ಎಂದು ಕೇಳಿ ಅಷ್ಟು ದೂರ ಹೋದೆವು. ಬಯಲು ಇತ್ತು. ಬಯಲಿನ ತುಂಬ ಮುಳ್ಳಿತ್ತು, ಒಂಟೆ ಲದ್ದಿಯಿತ್ತು, ಒಂಟೆಯೂ ಇತ್ತು! ಅತ್ತೆ, "ಆದೀತು" ಎಂದರು. ನಾನು ಕಾರು ಸ್ಟಾರ್ಟ್ ಮಾಡಿದೆ.

ಕೊನೆಗೆ ಸಿಕ್ಕಿದ್ದು ಬಿನ್ ಒಮ್ರಾನ್. ಅಲ್ಲಿ ಎ.ಸಿ. ರಿಪೇರಿ ಮಾಡುವ ನಮ್ಮೂರಿನ ವಸಂತಣ್ಣ ಇದ್ದಾರೆ. ಹಳೆಯ ಕಟ್ಟಡ. ಒಂದು ದೊಡ್ಡ ಫ್ಲ್ಯಾಟಿಗೆ ನಡುವೆ ಹಲಗೆಯ ಗೋಡೆ ಹಾಕಿ ಎರಡು ಮಾಡಿದ್ದಾರೆ. ಆ ಗೋಡೆಯ ಈ ಬದಿಯಲ್ಲಿ ವಸಂತಣ್ಣನ ಕೃಷ್ಣ. ಆ ಬದಿಯಲ್ಲಿ ಹಮೀದಾಕನ ಟಿ.ವಿ. ಹಮೀದಾಕ ನಮ್ಮ ಕಡೆಯ ಬ್ಯಾರಿಗಳು, ಕರ್ಟನ್ ವ್ಯಾಪಾರಿ. ಎರಡು ಮನೆಗೂ ಮುಂದೆ ಒಂದೇ ಕಾರಿಡಾರು, ಹಿಂದೆ ಒಂದೇ ಬಾಲ್ಕನಿ. ನನಗೆ ಮಿಂಚು ಹೊಡೆದಂತಾಯಿತು. ವಸಂತಣ್ಣನ ಬಾಗಿಲಿನಿಂದ ಹೊರಗೆ ಬಂದು, ಕಾರಿಡಾರು ದಾಟಿ, ಹಮೀದಾಕನ ಹಾಲಿಗೆ ನುಗ್ಗಿ, ಬಾಲ್ಕನಿಗೆ ಹೋಗಿ, ಮತ್ತೆ ವಸಂತಣ್ಣನ ಹಾಲಿಗೆ ಬಂದರೆ ಕೃಷ್ಣನಿಗೆ ಒಂದು ಸುತ್ತು! ಇಡೀ ಕತಾರಿನಲ್ಲಿ ಪ್ರದಕ್ಷಿಣೆಗೆ ಪಥವಿರುವ ಗರ್ಭಗುಡಿಯನ್ನು ಪತ್ತೆ ಹಚ್ಚಿದವನು ನಾನು ಎಂಬ ಹೆಮ್ಮೆಯಲ್ಲಿ, ಉರುಳಬೇಕಾದವನೂ ನಾನೇ ಎಂಬುದು ಸ್ವಲ್ಪ ಹೊತ್ತು ಮರೆತೇಹೋಯಿತು.

ಹಮೀದಾಕನ ಒಪ್ಪಿಗೆ ಕೇಳಲು ಹೋದಾಗ ನನಗೆ ಸಂಕೋಚವಾಗಿತ್ತು. ಅವರು ಆಗಲೇ ಸೋಫಾ ತಳ್ಳಲು ಶುರು ಮಾಡಿದರು.

"ಎಂತ ಮಾರಾಯ್ರೆ, ಕೇಳುದಾ ಇದನ್ನು? ಮನೆಯವರು ಹೇಗೂ ಊರಿಗೆ ಹೋಗಿದ್ದಾರೆ. ನೀವು ಆರಾಮಲ್ಲಿ ಉರುಳಿ. ಕಾರ್ಪೆಟ್ ಉಂಟು, ಮೆತ್ತಗೆ ಉಂಟು."

"ಕಾರ್ಪೆಟ್ ಆಗುದಿಲ್ಲ. ನೆಲ ಬೇಕು" ಎಂದರು ಅತ್ತೆ.

"ಅದೂ ಸರಿಯೇ ಅಮ್ಮ" ಎಂದು ಹಮೀದಾಕ ಕಾರ್ಪೆಟ್ ಸುತ್ತಿಟ್ಟರು. "ಗುರುವಾರ ಅಲ್ವಾ? ಸ್ವಲ್ಪ ಬೇಗ ಮುಗಿಸಿ ಆಯ್ತಾ? ಕರ್ಟನ್ ತಗೊಂಡು ಹೋಗ್ಲಿಕ್ಕೆ ಒಬ್ಬರು ಗಿರಾಕಿ ಬರ್ಲಿಕ್ಕುಂಟು."

ಗಿರಾಕಿ ಯಾರು ಎಂದು ಕೇಳಬೇಕಿತ್ತು. ಅದನ್ನೂ ಕೇಳಲಿಲ್ಲ.

ಗುರುವಾರವೇ ಆಗಬೇಕು, ಏಕಾದಶಿ ಎಂದು ಅತ್ತೆ ಪಟ್ಟು ಹಿಡಿದಿದ್ದರು. ಗುರುವಾರ ಆಫೀಸಿದೆ. ನಮ್ಮ ಮುದೀರ್, ಅಂದರೆ ಮ್ಯಾನೇಜರ್ ಸಾಹೇಬರು, ಈಜಿಪ್ಟಿನವರು. ಬಹಳ ಒಳ್ಳೆಯವರು, ರಜೆ ಒಂದನ್ನು ಬಿಟ್ಟು ಏನು ಕೇಳಿದರೂ ಕೊಡುತ್ತಾರೆ. ಅವರಿಗೆ ಹಳೆಯ ಬೆನ್ನುನೋವು, ಕುರ್ಚಿಗೆ ಯಾವಾಗಲೂ ದಿಂಬು ಇಟ್ಟುಕೊಂಡೇ ಕೂರುವವರು. ಬೆನ್ನುನೋವು ಎಂದರೆ ಅವರ ಮನಸ್ಸು ಕರಗೀತು ಎಂದು ಲೆಕ್ಕ ಹಾಕಿ, ಬೆಳಿಗ್ಗೆ ಎದ್ದವನೇ ನರಳುವ ದನಿಯಲ್ಲಿ ವಾಯ್ಸ್ ಮೆಸೇಜು ಕಳಿಸಿದೆ: "ಸರ್, ಭಯಂಕರ ಬೆನ್ನುನೋವು. ಮಲಗಿದಲ್ಲಿಂದ ಮಗ್ಗುಲು ಬದಲಿಸಲೂ ಆಗುತ್ತಿಲ್ಲ."

"ಮಗ್ಗುಲು ಯಾಕೆ ಹೇಳಿದ್ದು? ಬರೀ ಬೆನ್ನುನೋವು ಅಂದ್ರೆ ಸಾಕಿತ್ತು" ಎಂದಳು ಸುಜಾತಾ.

"ಸುಳ್ಳು ಹೇಳುವಾಗ ವಿವರ ಇರಬೇಕು" ಎಂದು ಅವಳಿಗೆ ತಿಳಿಹೇಳಿದೆ.

ಉರುಳುವ ಮೊದಲು ಕೆರೆಯಲ್ಲಿ ಮುಳುಗಬೇಕು. ಕೆರೆಯ ಬದಲು ವಸಂತಣ್ಣನ ಬಾತ್‌ರೂಮು. ಆಗಸ್ಟಿನಲ್ಲಿ ದೋಹಾದ ತಣ್ಣೀರಿನ ನಲ್ಲಿಯಲ್ಲಿ ಏನು ಬರುತ್ತದೆ ಎಂದು ಇಲ್ಲಿಯವರಿಗೆ ಹೇಳಬೇಕಿಲ್ಲ, ಚಹಾ ಪುಡಿ ಹಾಕಿದರೆ ಚಹಾ ಆಗುತ್ತದೆ! ಬೆಂದು ಕೆಂಪಗಾಗಿ, ಒದ್ದೆ ಪಂಚೆಯಲ್ಲಿ, ಬರಿಮೈಯಲ್ಲಿ ಹೊರಗೆ ಬಂದೆ. ದೇವರ ಎದುರು ಗಂಡಸರು ಅಂಗಿ ಹಾಕಬಾರದು ಎಂಬ ನಿಯಮದಲ್ಲಿ ಅತ್ತೆ ಯಾವ ರಿಯಾಯಿತಿಯನ್ನೂ ಕೊಡಲಿಲ್ಲ. ಕೃಷ್ಣನಿಗೆ ಕೈಮುಗಿದು, ನೆಲಕ್ಕೊರಗಿ, ಕೈ ಮೇಲಕ್ಕೆ ಜೋಡಿಸಿ ಉರುಳಿದೆ.

ಉರುಳುವುದು ನೋಡಲು ಸುಲಭ. ಉರುಳುವವನಿಗೆ ಎದುರಿನ ದಾರಿ ಕಾಣುವುದಿಲ್ಲ. ಒಮ್ಮೆ ಸೀಲಿಂಗು, ಒಮ್ಮೆ ಟೈಲ್ಸು, ಒಮ್ಮೆ ಸೀಲಿಂಗು, ಒಮ್ಮೆ ಚಪ್ಪಲಿ ಸ್ಟ್ಯಾಂಡು. ಆ ಸ್ಟ್ಯಾಂಡು ಮೈಮೇಲೆಯೇ ಬಿತ್ತು! ಹಿಂದಿನಿಂದ ಅತ್ತೆ ಕೃಷ್ಣ ಕೃಷ್ಣ ಎನ್ನುತ್ತ ಚೊಂಬಿನಿಂದ ನೀರು ಚಿಮುಕಿಸುತ್ತಿದ್ದರು. ಅವರ ಹಿಂದೆ ಸುಜಾತಾ, ಕುಟುಂಬದ ಗ್ರೂಪಿಗೆ ಹಾಕಲು ವೀಡಿಯೊ ಮಾಡುತ್ತಿದ್ದಳು. ಹಮೀದಾಕ ತಮ್ಮ ಹಾಲಿನ ಬಾಗಿಲಲ್ಲಿ ನಿಂತು ಲಾರಿ ರಿವರ್ಸ್ ತೆಗೆಸುವವರ ಹಾಗೆ ಕೈ ಬೀಸುತ್ತಿದ್ದರು.

"ಬರ್ಲಿ, ಬರ್ಲಿ... ಸ್ವಲ್ಪ ಎಡಕ್ಕೆ... ಟೀಪಾಯಿ, ಟೀಪಾಯಿ! ಹಾಂ, ಯಲ್ಲಾ, ಸೀದಾ!"

ಸೀದಾ ಹೋದರೆ ಬಾಲ್ಕನಿ. ಬಿಸಿಲಿಗೆ ಕಾದ ಅದರ ನೆಲ, ಕಾವಲಿಯ ಮೇಲೆ ನೀರುದೋಸೆ ಹೊಯ್ದಂತೆ ಚುಂಯ್ ಎಂದಿತು. ಆ ಭಾಗವನ್ನು ನಾನು ದಾಟಿದ ವೇಗವನ್ನು ಕಂಡು ಅತ್ತೆ, "ಈಗ ನಿಮಗೆ ಭಕ್ತಿ ಬಂತು ನೋಡಿ" ಎಂದರು. ಎರಡನೆಯ ಸುತ್ತಿನಲ್ಲಿ ತಲೆ ತಿರುಗಿ ದಾರಿ ತಪ್ಪಿ ಹಮೀದಾಕನ ಅಡುಗೆಮನೆಗೆ ಹೋದೆ. ವಸಂತಣ್ಣ ಕಾಲು ಹಿಡಿದು ತಿರುಗಿಸಿ ಮತ್ತೆ ಸಾಲಿಗೆ ಬಿಟ್ಟರು.

ಮೂರನೆಯದು ಕೊನೆಯ ಸುತ್ತು. ಕಾರಿಡಾರಿಗೆ ಬಂದಿದ್ದೆ. ಟಿಣ್ ಎಂದು ಲಿಫ್ಟು ತೆರೆಯಿತು.

ಸೀಲಿಂಗು, ಟೈಲ್ಸು, ಎರಡು ಕಪ್ಪು ಶೂ.

ಆ ಶೂಗಳ ಪರಿಚಯ ನನಗಿತ್ತು. ದಿನಾ ಅವುಗಳ ಮುಂದೆ ತಲೆ ತಗ್ಗಿಸಿ ನಿಲ್ಲುವವನು ನಾನು! ಆಗ ನೆನಪಾಯಿತು. ಮುದೀರ್ ಸಾಹೇಬರ ಹೊಸ ಮನೆಗೆ ಕರ್ಟನ್ ಬೇಕೆಂದಾಗ, "ನಮ್ಮ ಹಮೀದ್ ಇದ್ದಾರೆ ಸರ್, ನಂಬರ್ ಒನ್ ಮನುಷ್ಯ" ಎಂದು ನಂಬರು ಕೊಟ್ಟವನೂ ನಾನೇ.

"ಮಿಸ್ಟರ್ ಸುರೇಶ್?" ಮೇಲಿನಿಂದ ದನಿ ಬಂತು. "ಮಗ್ಗುಲು ಬದಲಿಸಲು ಆಗುವುದಿಲ್ಲ ಅಂದಿದ್ದೆಯಲ್ಲವೇ?"

ನಾನು ಬೆನ್ನ ಮೇಲೆ ಮಲಗಿದಲ್ಲೇ ಸ್ತಬ್ಧನಾದೆ. ಕೆಲಸ ಹೋಯಿತು, ವಿಸಿಟಿಂಗ್ ಕಾರ್ಡು ಹೋಯಿತು, ಖಲಾಸ್!

"ನಿಲ್ಲಬೇಡಿ ಅಳಿಯಂದಿರೇ!" ಹಿಂದಿನಿಂದ ಅತ್ತೆ ಕೂಗಿದರು. "ನಡುವಲ್ಲಿ ನಿಂತ್ರೆ ಪುನಃ ಮೊದಲಿಂದ ಮಾಡ್ಬೇಕಾಗ್ತದೆ!"

ಬಾಲ್ಕನಿ ನೆನಪಾಯಿತು. "ಎಕ್ಸ್‌ಕ್ಯೂಸ್ ಮಿ ಸರ್" ಎಂದು ಉರುಳಿದೆ. ಸಾಹೇಬರು ಗೋಡೆಗೆ ಆತುಕೊಂಡು ದಾರಿ ಬಿಟ್ಟರು.

ನನ್ನ ಮಾನ ಉಳಿಸಲು ಹಮೀದಾಕ ಮುಂದೆ ಬಂದರು. ಎದೆಯ ಮೇಲೆ ಕೈ ಇಟ್ಟು, "ಮುದೀರ್, ಹಾದಾ ಇಲಾಜ್ ಹಿಂದಿ! ಬೆನ್ನುನೋವಿಗೆ ಇಂಡಿಯಾದ ಔಷಧಿ!" ಎಂದು ಅರಬಿಯಲ್ಲೂ ಹಿಂದಿಯಲ್ಲೂ ಸಾರಿದರು. ಸಾಹೇಬರು ನನ್ನ ಹಿಂದೆಯೇ ಹಮೀದಾಕನ ಹಾಲಿಗೆ ಬಂದರು, ಬಾಲ್ಕನಿಗೆ ಬಂದರು, ವಸಂತಣ್ಣನ ಮನೆಗೆ ಬಂದರು. ಕೃಷ್ಣನ ಎದುರು ಸೇವೆ ಮುಗಿಸಿ, ನಮಸ್ಕರಿಸಿ, ನಾನು ನೆಟ್ಟಗೆ ಎದ್ದು ನಿಂತೆ.

ಬೆಳಿಗ್ಗೆ ಮಗ್ಗುಲು ಬದಲಿಸಲಾಗದವನು ಈಗ ಧ್ವಜಸ್ತಂಭದಂತೆ ನಿಂತಿದ್ದ! ಸಾಹೇಬರು ನನ್ನ ಬೆನ್ನನ್ನು ಒಮ್ಮೆ ಒತ್ತಿ ನೋಡಿದರು.

"ಮಾಶಾ ಅಲ್ಲಾ" ಎಂದರು.

ಇಲ್ಲಿಯ ಶುಕ್ರವಾರ, ಶನಿವಾರದ ರಜೆ ಕಳೆದು ಭಾನುವಾರ ಬೆಳಿಗ್ಗೆ ಸಾಹೇಬರು ನನ್ನನ್ನು ಕ್ಯಾಬಿನ್ನಿಗೆ ಕರೆದು ಬಾಗಿಲು ಹಾಕಿದರು. ಕಾರ್ಡುಗಳನ್ನು ವಾಪಸು ಕೊಡಬೇಕೇನೋ ಎಂದು ನಾನು ಕಿಸೆಗೆ ಕೈ ಹಾಕಿದೆ. ಅವರು ಕೋಟು ಕಳಚಿದರು, ಟೈ ಸಡಿಲಿಸಿದರು, ಕುರ್ಚಿಗಳನ್ನು ಗೋಡೆಗೆ ಸರಿಸಿದರು.

"ಯಲ್ಲಾ, ತೋರಿಸು."

ಅಂದಿನಿಂದ ಪ್ರತಿ ಭಾನುವಾರ ಅಸಿಸ್ಟೆಂಟ್ ಮ್ಯಾನೇಜರರು ಮುಂದೆ, ಮ್ಯಾನೇಜರರು ಹಿಂದೆ, ಮೇಜಿಗೆ ಮೂರು ಸುತ್ತು. ಅವರ ಬೆನ್ನು ಪೂರ್ತಿ ಗುಣವಾಗಿದೆ. ದಿಂಬು ಎಸೆದಿದ್ದಾರೆ. ಈಗ ಅಕೌಂಟ್ಸಿನವರೂ ವಿಚಾರಿಸುತ್ತಿದ್ದಾರೆ.

ಕಳೆದ ವಾರ ನನ್ನ ಬೆನ್ನು ಹಿಡಿದುಕೊಂಡಿತು. ದೇವರಾಣೆಗೂ ನಿಜವಾಗಿ! ಮಗ್ಗುಲು ಬದಲಿಸಲು ಆಗುತ್ತಿಲ್ಲ. ಕಷ್ಟಪಟ್ಟು ಸಾಹೇಬರಿಗೆ ಮೆಸೇಜು ಕಳಿಸಿದೆ. ಕ್ಷಣದಲ್ಲಿ ಉತ್ತರ ಬಂತು: "ರಜೆ ಮಾಫಿ, ಇಲ್ಲವೇ ಇಲ್ಲ. ಹಮೀದನ ಮನೆಗೆ ಹೋಗು, ಮೂರು ಸುತ್ತು ಹಾಕಿ ಆಫೀಸಿಗೆ ಬಾ."

ಅಷ್ಟರಲ್ಲಿ ಸುಜಾತಾ ಫೋನು ತಂದು ಕಿವಿಗಿಟ್ಟಳು. ಊರಿಗೆ ಮರಳಿದ್ದ ಅತ್ತೆ.

"ನೀವು ಹೆದರಬೇಡಿ ಅಳಿಯಂದಿರೇ. ನಿಮ್ಮ ಬೆನ್ನು ಸರಿಯಾಗ್ಲಿ ಅಂತ ಈಗಷ್ಟೇ ಹರಕೆ ಹೇಳಿಕೊಂಡೆ."

ಈ ಸಲ ನಾನು ಬುದ್ಧಿವಂತನಾಗಿದ್ದೆ. ಕೇಳಿಯೇಬಿಟ್ಟೆ.

"ಯಾವ ಹರಕೆ ಅತ್ತೆ?"

"ಎಂತ ಕೇಳುದು? ಹೋದ ಸಲದ್ದೇ. ಆದ್ರೆ ಈ ಸಲ ಊರಲ್ಲಿ ಆಯ್ತಾ, ದೊಡ್ಡ ದೇವಸ್ಥಾನದಲ್ಲಿ."