ತಕ್ಕಡಿಯವರ ವರ್ಗಾವಣೆ

ತೂಕ ಮತ್ತು ಅಳತೆ ಇಲಾಖೆಯ ಆ ಕಚೇರಿಯನ್ನು ತಿಂಗಳ ಕೊನೆಗೆ ಮುಚ್ಚುವುದೆಂದು ಆದೇಶ ಬಂದಾಗ ಉಳಿದವರೆಲ್ಲ ಒಂದು ವಾರ ಗೊಣಗಿ ಸುಮ್ಮನಾದರು. ಒಬ್ಬರು ಮಾತ್ರ ಹೊಸ ನೋಟ್‌ಬುಕ್ ಕೊಂಡರು.

ಅವರಿಗೆ ಕಚೇರಿಯಲ್ಲಿ ತಕ್ಕಡಿ ಎಂದು ಅಡ್ಡಹೆಸರು. ಅಂಗಡಿಗಳ ತಕ್ಕಡಿ ಪರೀಕ್ಷಿಸಿ ಮುದ್ರೆ ಒತ್ತುವ ಕೆಲಸ ಅಲ್ಲಿ ಇನ್ನೂ ಆರು ಮಂದಿಗಿತ್ತು. ಆದರೆ ಒಂದು ಕೊಡೆ ಕೊಳ್ಳಲು ಹನ್ನೊಂದು ಅಂಗಡಿ ಸುತ್ತಿ, ಅಷ್ಟರಲ್ಲಿ ಮಳೆಗಾಲವನ್ನೇ ಮುಗಿಸಿದವರು ಇವರೊಬ್ಬರೇ.

ಆದೇಶದ ಜೊತೆ ಒಂದು ನಮೂನೆ ಬಂದಿತ್ತು. ಅದರಲ್ಲಿ ಎರಡು ಚೌಕ. ಒಂದು ಸಮುದ್ರದ ದಡದ ಊರಿಗೆ, ಇನ್ನೊಂದು ಗುಡ್ಡದ ಮೇಲಿನ ಊರಿಗೆ. ಬೇಕಾದ ಚೌಕಕ್ಕೆ ಗುರುತು ಹಾಕಿ ಇಪ್ಪತ್ತನೇ ತಾರೀಕು ಸಂಜೆ ನಾಲ್ಕರೊಳಗೆ ಕೊಡಬೇಕು. ಇವತ್ತು ಇಪ್ಪತ್ತನೇ ತಾರೀಕು. ತಕ್ಕಡಿಯವರ ನೋಟ್‌ಬುಕ್ ನಲವತ್ತೆರಡನೇ ಪುಟ ಮುಟ್ಟಿತ್ತು. ಚೌಕಗಳೆರಡೂ ಖಾಲಿ ಇದ್ದವು.

"ಸಮುದ್ರದ ಊರಲ್ಲಿ ಬಾಡಿಗೆ ಅರ್ಧಕ್ಕರ್ಧ ಕಮ್ಮಿ," ಎಂದರು ಅವರು, ಬೆಳಿಗ್ಗೆ ತಿಂಡಿಯ ತಟ್ಟೆ ಪಕ್ಕಕ್ಕೆ ಸರಿಸಿ ಪುಟ ತಿರುವುತ್ತ. "ಗುಡ್ಡದ ಊರಲ್ಲಿ ಫ್ಯಾನೇ ಬೇಡ. ಆದ್ರೆ ಸ್ನಾನಕ್ಕೆ ನೀರು ಕಾಯಿಸೋ ಕರೆಂಟಿಗೆ ಆ ಉಳಿತಾಯ ಎಲ್ಲ ಹೋಗುತ್ತೆ."

"ಸಮುದ್ರ ಅಂದ್ರೆ ಒಂಬತ್ತು ತಿಂಗಳು ಸೆಕೆ," ಎಂದಳು ಹೆಂಡತಿ. "ಇಲ್ಲೇ ನನಗೆ ಬೆವರುಸಾಲೆ. ಅಲ್ಲಿಗೆ ಹೋದ್ರೆ ಮೈ ತುರಿಸಿಕೊಳ್ಳೋಕೆ ಒಬ್ಬ ಆಳು ಇಡಬೇಕಾಗುತ್ತೆ. ಅದನ್ನೂ ಖರ್ಚಲ್ಲಿ ಬರ್ಕೊಳ್ಳಿ."

ಅವರ ತಾಯಿ ಮೂಲೆಯ ಕುರ್ಚಿಯಲ್ಲಿ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. "ಅವಳು ಹೇಳಿದ ಹಾಗೇ ಗುಡ್ಡಕ್ಕೇ ಹೋಗೋಣ ಕಣೋ. ನನ್ನ ಯೋಚನೆ ಮಾಡ್ಬೇಡ. ಚಳಿಗೆ ಮಂಡಿ ಹಿಡ್ಕೊಂಡ್ರೆ ನೀನು ಎತ್ಕೊಂಡು ಓಡಾಡ್ತೀಯ, ಅಷ್ಟೇ ತಾನೆ."

ತಕ್ಕಡಿಯವರು ತಾಯಿಯನ್ನೊಮ್ಮೆ ನೋಡಿದರು. ತಾಯಿ ತೆಳ್ಳಗಿನವರಲ್ಲ. ನಲವತ್ಮೂರನೇ ಪುಟ ತೆರೆಯಿತು.

ಮೆಟ್ಟಿಲಿಳಿಯುವಾಗ ಮೇಲಿನ ಮನೆಯ ನಿವೃತ್ತ ಅಂಚೆಯವರು ಸಿಕ್ಕರು. ಇವರು ಏನೂ ಕೇಳಲಿಲ್ಲ. ಅವರು ಕಂಬಿ ಹಿಡಿದು ನಿಂತು ಹೇಳಿದರು. "ಸಮುದ್ರದ ಊರಲ್ಲಿ ನಾನು ಒಂಬತ್ತು ವರ್ಷ ಇದ್ದೋನು. ಬೀಗಕ್ಕೆ ತುಕ್ಕು, ಚಾಕುವಿಗೆ ತುಕ್ಕು. ಒಂದು ಸಲ ತೇವಕ್ಕೆ ಬಾಗಿಲು ಉಬ್ಬಿ ಬಚ್ಚಲಲ್ಲೇ ಸಿಕ್ಕಿಕೊಂಡೆ. ಆವತ್ತಿನ ಅಂಚೆ ಎಲ್ಲ ಬಚ್ಚಲ ಕಿಟಕಿಯಿಂದಲೇ ಹಂಚಿದ್ದು."

ಕೆಳಗಿನ ಮನೆಯ ದರ್ಜಿ ಅಕ್ಕ ಹೊಲಿಗೆ ಯಂತ್ರ ನಿಲ್ಲಿಸಿ ತಲೆ ಹೊರಗೆ ಹಾಕಿದಳು. ಅವಳ ತಂಗಿ ಗುಡ್ಡದ ಊರಿನಲ್ಲಿದ್ದಳು. "ಅಲ್ಲಿ ಸೋಮವಾರ ಒಗೆದ ಬಟ್ಟೆ ಶುಕ್ರವಾರ ತೆಗೀಬೇಕು ಅಣ್ಣ, ಅದೂ ಹಸೀನೇ. ತರಕಾರಿ ಲಾರೀಲಿ ಮೇಲೆ ಹತ್ತಿ ಬರುತ್ತೆ. ಹತ್ತಿದ ಸುಸ್ತನ್ನೆಲ್ಲ ಬೆಲೇಲಿ ಸೇರಿಸ್ತಾರೆ."

ಎರಡನ್ನೂ ಬರೆದುಕೊಳ್ಳುವಷ್ಟರಲ್ಲಿ ಬಸ್ಸು ಹೋಯಿತು. ಅರ್ಧ ಗಂಟೆ ತಡವಾಗಿ ಕಚೇರಿ ಸೇರಿದರೆ ಸಹೋದ್ಯೋಗಿಗಳೆಲ್ಲ ಅವರ ಮೇಜಿನ ಸುತ್ತ ನಿಂತಿದ್ದರು.

"ಏನು ಹಾಕಿದ್ರಿ?" ಎಂದರು ಹೆಡ್ ಕ್ಲರ್ಕ್.

"ಇನ್ನೂ ಹಾಕಿಲ್ಲ."

"ನೀವು ಹಾಕದೆ ನಾವು ಹೇಗ್ರೀ ಹಾಕೋದು? ಹೋಗಲಿ, ಆ ಪುಸ್ತಕ ಕೊಡಿ ಇತ್ಲಾಗೆ."

ಪುಸ್ತಕ ಕೈಯಿಂದ ಕೈಗೆ ಹೋಯಿತು. ತಕ್ಕಡಿಯವರು ಮೂರು ವಾರ ತಿಣುಕಿದ್ದನ್ನು ಅವರೆಲ್ಲ ಐದೈದು ನಿಮಿಷದಲ್ಲಿ ಮುಗಿಸಿದರು. ಒಬ್ಬ ಇನ್‌ಸ್ಪೆಕ್ಟರ್ ಬಾಡಿಗೆ ನೋಡಿ ಸಮುದ್ರಕ್ಕೆ ಗುರುತು ಹಾಕಿದ. ಇನ್ನೊಬ್ಬ ಸೊಳ್ಳೆಯ ಪುಟ ನೋಡಿ ಗುಡ್ಡಕ್ಕೆ ಹಾಕಿದ. ಟಪಾಲು ವಿಭಾಗದ ಮೇಡಂ ಯಾವ ಪುಟವನ್ನೂ ನೋಡದೆ, "ಇಷ್ಟು ಬರ್ದಿದ್ದಾರೆ ಅಂದ್ಮೇಲೆ ಎರಡೂ ಚೆನ್ನಾಗೇ ಇರಬೇಕು," ಎಂದು ಕಣ್ಣು ಮುಚ್ಚಿ ಪೆನ್ನು ಊರಿದರು.

ತಕ್ಕಡಿಯವರೂ ಧೈರ್ಯ ಮಾಡಿ ಸಮುದ್ರಕ್ಕೆ ಗುರುತು ಹಾಕಿದರು. ಹಾಕಿದ ಕೂಡಲೇ ಮೈ ತುರಿಸಿದಂತಾಯಿತು. ಅಳಿಸಲು ಹೋಗಿ ಕಾಗದ ತೂತಾಯಿತು. ಎರಡನೇ ನಮೂನೆ ತಂದು ಗುಡ್ಡಕ್ಕೆ ಹಾಕಿದರು. ತಾಯಿಯನ್ನು ಎತ್ತಿಕೊಂಡು ಏರು ಹತ್ತುವ ತಮ್ಮದೇ ಚಿತ್ರ ಕಣ್ಣಿಗೆ ಕಟ್ಟಿ, ಅದನ್ನು ಹರಿದರು. ಮೂರನೆಯದರ ಮೇಲೆ ಹೆಡ್ ಕ್ಲರ್ಕ್ ಸಮಾಧಾನ ಹೇಳಲು ಬಂದು ಚಹಾ ಚೆಲ್ಲಿದರು.

"ಇದೇ ಕೊನೇದು," ಎಂದು ಟಪಾಲು ಮೇಡಂ ನಾಲ್ಕನೆಯದನ್ನು ಕೊಟ್ಟರು. "ಇದನ್ನೂ ಹಾಳು ಮಾಡಿದ್ರೆ ನೀವು ಈ ಖಾಲಿ ಕಟ್ಟಡದಲ್ಲೇ ಇರಬೇಕಾಗುತ್ತೆ ನೋಡಿ."

ಮಧ್ಯಾಹ್ನ ಮೂರಕ್ಕೆ ತಕ್ಕಡಿಯವರನ್ನು ಕೇಳಿಕೊಂಡು ಕಚೇರಿಗೆ ಫೋನು ಬಂತು. ಗುಡ್ಡದ ಊರಿನಿಂದ ಒಬ್ಬ ಮುದುಕಿ. ತಕ್ಕಡಿಯವರು ಇದುವರೆಗೆ ವಿಚಾರಿಸಿದ ಹದಿನೇಳು ಮನೆಗಳಲ್ಲಿ ಮನಸ್ಸಿಗೆ ಹಿಡಿದದ್ದು ಆಕೆಯದೊಂದೇ. ಅದರ ಮುಂದಿನ ಕೋಣೆಗೆ ಬೆಳಿಗ್ಗೆಯಿಂದ ಸಂಜೆವರೆಗೆ ಬಿಸಿಲು ಬೀಳುತ್ತಿತ್ತು. ಆ ಕೋಣೆಯಲ್ಲಿ ತಾಯಿಯ ಮಂಡಿ ಬೆಚ್ಚಗಿರುತ್ತಿತ್ತು, ಹಿಂದಿನ ಕೋಣೆಯಲ್ಲಿ ಹೆಂಡತಿ ತಣ್ಣಗಿರುತ್ತಿದ್ದಳು. ಬಾಡಿಗೆ ಮಾತ್ರ ಭಾರ.

"ನನಗೂ ವಯಸ್ಸಾಯ್ತಪ್ಪ," ಎಂದಳು ಮುದುಕಿ. "ಕೊಸರಾಡದ ಸಂಸಾರ ಬಂದ್ರೆ ಸಾಕು. ಬಾಡಿಗೆ ಮೂರರಲ್ಲೊಂದು ಭಾಗ ಬಿಟ್ಟಿದೀನಿ. ನಾಲ್ಕು ಗಂಟೆ ಒಳಗೆ ಹೇಳು, ಇಲ್ಲದಿದ್ರೆ ಮೊದಲು ಕೇಳಿದೋರಿಗೆ ಕೊಟ್ಬಿಡ್ತೀನಿ."

"ನಮ್ಮ ಸಂಸಾರಾನೇ ಬರುತ್ತೆ ಅಮ್ಮ, ಒಂದೇ ಒಂದು ಸಲ ಲೆಕ್ಕ ನೋಡಿ ನಾನೇ ಫೋನ್ ಮಾಡ್ತೀನಿ," ಎಂದು ಇಟ್ಟರು. ಲೆಕ್ಕ ನೋಡಲು ಕೈ ಚಾಚಿದರೆ ಪುಸ್ತಕ ಇಲ್ಲ. ಮುದುಕಿಯ ನಂಬರೂ ಅದರಲ್ಲೇ ಇತ್ತು.

ಮೇಜಿನ ಖಾನೆ ಎಳೆದರು, ಕಸದ ಬುಟ್ಟಿ ಬಗ್ಗಿಸಿದರು, ಜಪ್ತಿ ಮಾಡಿದ ಕಳ್ಳ ತೂಕದ ಬಟ್ಟುಗಳ ಪೆಟ್ಟಿಗೆಯನ್ನೂ ತಡಕಿದರು. ಒಂದು ಬಟ್ಟು ಕಾಲಿನ ಮೇಲೆ ಬಿತ್ತು. ಕಳ್ಳ ತೂಕವಾದರೂ ಕಾಲಿಗೆ ಪೂರಾ ತೂಕದಂತೆಯೇ ತಗುಲಿತು. ಕುಂಟುತ್ತ ಹೋಗಿ ಪ್ರತಿಯೊಬ್ಬರನ್ನೂ ಕೇಳಿದರು. ಮೂರೂ ಮುಕ್ಕಾಲಿಗೆ ಹೆಡ್ ಕ್ಲರ್ಕ್‌ಗೆ ನೆನಪಾಯಿತು. "ಓ, ಅದಾ? ಸಾಹೇಬರು ನೋಡ್ಬೇಕು ಅಂದ್ರು, ಊಟದ ಹೊತ್ತಲ್ಲೇ ಒಳಗೆ ಕೊಟ್ಟೆ."

ತಕ್ಕಡಿಯವರು ಅಲ್ಲೇ ನಿಂತರು. ಬದುಕಿನಲ್ಲಿ ಮೊದಲ ಸಲ ಲೆಕ್ಕ ನೋಡದೆ, ನಾಲ್ಕನೇ ನಮೂನೆಯಲ್ಲಿ ಗುಡ್ಡದ ಚೌಕಕ್ಕೆ ಗುರುತು ಹಾಕಿದರು. ಹೊತ್ತುಕೊಂಡಿದ್ದ ಮೂಟೆಯನ್ನು ಯಾರೋ ಇಳಿಸಿದಂತೆ ಹಗುರವಾಯಿತು. ನಮೂನೆ ಹಿಡಿದು ಸಾಹೇಬರ ಕೋಣೆಗೆ ಹೋದರು.

ಸಾಹೇಬರು ಕನ್ನಡಕ ಹಣೆಗೇರಿಸಿ ಅವರನ್ನು ನೋಡಿ ನಕ್ಕರು. ಆ ಕೋಣೆಯಲ್ಲಿ ನಗು ಕಂಡದ್ದು ಅಪರೂಪ.

"ಕೂತ್ಕೊಳ್ಳಿ. ಇಡೀ ಪುಸ್ತಕ ಓದಿದೆ. ಹವೆ, ಬಾಡಿಗೆ, ಹಾಲು, ಸೊಳ್ಳೆ, ಒಂದನ್ನೂ ಬಿಟ್ಟಿಲ್ಲ. ಇಂಥೋರು ಇಲಾಖೇಲಿ ಇದ್ದಾರೆ ಅಂತಲೇ ನನಗೆ ಗೊತ್ತಿರಲಿಲ್ಲ."

"ನನ್ನ ನಮೂನೆ, ಸಾರ್."

ಸಾಹೇಬರು ಅದನ್ನು ನೋಡದೆ ಫೈಲಿನ ಕೆಳಗೆ ಸೇರಿಸಿದರು. "ಗಣಿ ತೆಗೀತಿದ್ದಾರಲ್ಲ, ಆ ಬಯಲು ಸೀಮೆ. ಅಲ್ಲೂ ನಮ್ಮದೊಂದು ಕಚೇರಿ ಶುರುವಾಗ್ತಿದೆ. ಹಗಲು ಸಮುದ್ರದ ಊರಿನ ಸೆಕೆ, ರಾತ್ರಿ ಗುಡ್ಡದ ಊರಿನ ಚಳಿ, ಬಾಡಿಗೆ ಎರಡೂ ಊರಿನದನ್ನ ಕೂಡಿಸಿದಷ್ಟು ಅಂತಾರೆ. ಕಿವಿಗೆ ಬಿದ್ದ ಮಾತು, ಆಧಾರ ಇಲ್ಲ. ಅಲ್ಲಿ ಸಿಬ್ಬಂದಿಗೆ ಎಷ್ಟು ಭತ್ಯೆ ಕೊಡಬೇಕು ಅಂತ ಗೊತ್ತಾಗಬೇಕಾದ್ರೆ ಯಾರಾದ್ರೂ ಸಂಸಾರ ಸಮೇತ ಒಂದು ವರ್ಷ ಇದ್ದು ವರದಿ ಬರೀಬೇಕು. ಮೇಲಿನವರಿಗೆ ಫೋನಲ್ಲಿ ನಿಮ್ಮ ಹೆಸರು ಹೇಳ್ದೆ, ಕೂಡಲೇ ಒಪ್ಪಿದ್ರು."

"ಭತ್ಯೆ ಯಾವಾಗಿನಿಂದ ಸಾರ್?" ಎಂದರು ತಕ್ಕಡಿಯವರು.

"ವರದಿ ಬಂದ ಮೇಲೆ. ನಿಮ್ಮ ನಂತರ ಬರೋರಿಗೆ." ಸಾಹೇಬರು ಆದೇಶಕ್ಕೆ ಸಹಿ ಹಾಕಿ ಪುಸ್ತಕದ ಜೊತೆ ಮುಂದೆ ತಳ್ಳಿದರು. "ಅಂದ ಹಾಗೆ, ನಿಮಗೆ ಥ್ಯಾಂಕ್ಸ್ ಹೇಳ್ಬೇಕು. ನಾನೂ ಗುಡ್ಡದ ಊರಿಗೇ ಹಾಕ್ಕೊಂಡೆ. ಇಪ್ಪತ್ತೆಂಟನೇ ಪುಟದ ಆ ಬಿಸಿಲು ಕೋಣೆ ಮನೆ, ಆ ಅಜ್ಜಿಗೆ ಈಗ ತಾನೇ ಫೋನ್ ಮಾಡಿ ಗಟ್ಟಿ ಮಾಡ್ಕೊಂಡೆ. ತೂಕದ ಕಚೇರಿಯಿಂದ ಅಂದ ಕೂಡಲೇ, ನಿನ್ನ ಫೋನಿಗೇ ಕಾಯ್ತಿದ್ದೆ ಕಣಪ್ಪ ಅಂತ ಹೇಳಿ ಬಾಡಿಗೇಲೂ ಮೂರರಲ್ಲೊಂದು ಬಿಟ್ರು."

ಗೋಡೆಯ ಗಡಿಯಾರ ನಾಲ್ಕು ಹೊಡೆಯಲು ಇನ್ನೂ ಆರು ನಿಮಿಷ ಇತ್ತು.

ತಕ್ಕಡಿಯವರು ಮನೆಗೆ ಬಂದಾಗ ಹೆಂಡತಿ, ತಾಯಿ ಇಬ್ಬರೂ ಬಾಗಿಲಲ್ಲೇ ಕಾದಿದ್ದರು. ಮೇಲಿನ ಅಂಚೆಯವರೂ ಕೆಳಗಿನ ದರ್ಜಿ ಅಕ್ಕನೂ ಮೆಟ್ಟಿಲ ಮೇಲೆ ಏನೋ ಕೆಲಸವಿದ್ದವರಂತೆ ನಿಂತಿದ್ದರು. ತಕ್ಕಡಿಯವರು ಆದೇಶವನ್ನು ಹೆಂಡತಿಯ ಕೈಗಿತ್ತರು. ಅವಳು ಎರಡು ಸಲ ಓದಿದಳು.

"ಈ ಊರಿನ ಹವೆ ಹೇಗ್ರೀ? ಖರ್ಚು ಎಷ್ಟು ಬೀಳುತ್ತೆ?"

ತಕ್ಕಡಿಯವರು ಚಪ್ಪಲಿ ಬಿಟ್ಟು ಒಳಗೆ ಬಂದು ಕೂತರು.

"ಗೊತ್ತಿಲ್ಲ ಕಣೇ," ಎಂದರು. "ನಾನು ಹೋಗಿ ಬರೆದ ಮೇಲೇ ಗೊತ್ತಾಗೋದು."